ಸಕ್ಕರೆ ಕಮ್ಮಿ ಟೀ

"ಸುಳ್ಳು ಬೊಗಳಬೇಡ ಕಣೋ. ನೋವಿನ ಮಾತ್ರೆ ನುಂಗಿಯೇ ಬಂದಿದೀಯ. ಚುಚ್ಚಿದ ಜಾಗದಲ್ಲಿ ರಕ್ತ ನಿಲ್ತಾನೇ ಇಲ್ಲ. ಕುಯ್ದ ಮೇಲೆ ನೀನು ಸತ್ರೆ ಹೆಣ ನಿಮ್ಮಪ್ಪ ಹೊರ್ತಾನಾ?"

ನಮ್ಮಪ್ಪನೂ ಹಮಾಲಿಯೇ, ಬದುಕಿದ್ದರೆ ಖಂಡಿತ ಹೊರುತ್ತಿದ್ದ. ಆದರೆ ಹಿಂದೆ ಗುಂಡಿಯಿಲ್ಲದ ಆಸ್ಪತ್ರೆ ಅಂಗಿ ತೊಟ್ಟು, ಅಂಡು ತೋರಿಸಿಕೊಂಡು ನಿಂತವನು ಡಾಕ್ಟರಿಗೆ ಎದುರುತ್ತರ ಕೊಡುವುದು ಹೇಗೆ? ಸಿಮೆಂಟ್ ಮೂಟೆ ಹೊತ್ತು ಹೊತ್ತು ನನ್ನ ತೊಡೆಸಂದಿಯಲ್ಲಿ ಈರುಳ್ಳಿ ಗಾತ್ರದ ಹರ್ನಿಯಾ ಎದ್ದಿತ್ತು. ಕರುಳು ಅಲ್ಲಿ ಸಿಕ್ಕಿಕೊಂಡರೆ ಗೊಟಕ್ ಅನ್ನುವುದೇ ಸೈ ಎಂದು ಇದೇ ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಮುಂಚೆ ಒಂದು ವಾರ ನೋವಿನ ಮಾತ್ರೆ ಮುಟ್ಟಬಾರದು, ರಕ್ತ ಹೆಪ್ಪುಗಟ್ಟುವುದಿಲ್ಲ ಎಂದೂ ಹೇಳಿದ್ದರು. ಹೆಂಡತಿಯ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ ಮಾತ್ರೆ ಬಿಟ್ಟಿದ್ದೆ. ಆದರೂ ಇದು ಎರಡನೇ ಸಲ ವಾಪಸ್. ಮುಂದಿನ ವಾರ ಕೊನೇ ಡೇಟು, ಆಗಲೂ ಹೀಗೇ ಬಂದರೆ ಮನೆಯಲ್ಲೇ ಸಾಯಿ ಎಂದು ಡಾಕ್ಟರು ಕೈ ತೊಳೆದುಕೊಂಡರು. ನಿಜವಾಗಿಯೂ ನಲ್ಲಿ ಬಿಟ್ಟು, ಸೋಪು ಹಾಕಿ ತೊಳೆದುಕೊಂಡರು.

ಮನೆ ಸೇರಿದ್ದೇ ಹೆಂಡತಿ ಬಾಗಿಲು ಹಾಕಿದಳು. ಆಮೇಲೆ ಕೇಳಿದಳು.

"ರಜಾ ದಿನ ಹಗಲೂ ರಾತ್ರಿ ನರಳ್ತೀಯ. ಗೋಡೌನಿಗೆ ಹೋದ್ರೆ ಗೂಳಿ ಹಂಗೆ ಓಡಾಡ್ತೀಯ. ಅಲ್ಲಿ ಇನ್ನೊಬ್ಳನ್ನ ಇಟ್ಕೊಂಡಿದೀಯೇನಯ್ಯಾ?"

ಆ ಸಿಮೆಂಟ್ ಧೂಳಿಗೆ ಯಾವಳು ಬಂದಾಳು! ಅಲ್ಲಿ ಸಿಗುವುದು ಮೇಸ್ತ್ರಿಯ ಬೈಗುಳ, ಧಣಿಯ ಪುಕ್ಕಟೆ ಟೀ, ಇಷ್ಟೇ. ಬೈಗುಳದಿಂದ ನೋವು ಹೋಗುವಂತಿದ್ದರೆ ನಾನು ಮನೆಯಲ್ಲೇ ವಾಸಿಯಾಗುತ್ತಿದ್ದೆ. ಉಳಿದದ್ದು ಟೀ. ಆ ಟೀ ಯಾವತ್ತೂ ಕಹಿ. ಇಷ್ಟು ದೊಡ್ಡ ಕುಳ, ಒಂದು ಚಮಚ ಸಕ್ಕರೆಗೆ ಜುಗ್ಗತನ ನೋಡು ಎಂದು ನಾವೆಲ್ಲ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ ಟೀ ಕಾಯಿಸುವ ಅಕ್ಕನ ಪಕ್ಕ ಕೂತೆ. ಕೇಳಿದ್ದಕ್ಕೆ ಅವಳು ಮುಚ್ಚಿಡಲಿಲ್ಲ. ಮೇಸ್ತ್ರಿ ದಿನಾ ಒಂದು ಪೊಟ್ಟಣ ಕೊಡುತ್ತಾನಂತೆ, ಮೈಗೆ ಶಕ್ತಿ ಬರುವ ಪುಡಿಯಂತೆ, ಖರ್ಚೆಲ್ಲ ಧಣಿಯದಂತೆ. ಬಿಚ್ಚಿ ನೋಡಿದರೆ ಬಿಳಿ ಪುಡಿ, ನಡುವೆ ಸರಿಯಾಗಿ ಅರೆಯದ ಅರ್ಧ ಮಾತ್ರೆ. ಡಾಕ್ಟರು ಬೇಡ ಅನ್ನುವವರೆಗೆ ನಾನು ದಿನಾ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆ ಅದೇ. ಸಿಟ್ಟು ನೆತ್ತಿಗೇರಿತು. ಪಾಪ, ಧಣಿಯನ್ನು ಜುಗ್ಗ ಅಂದಿದ್ದೆವಲ್ಲ.

ಬಂದವರಿಗೆಲ್ಲ ಹೇಳಿದೆ. ಅವತ್ತು ಯಾರೂ ಲೋಟ ಮುಟ್ಟಲಿಲ್ಲ. ಬಿಸಿಲೇರುವ ಹೊತ್ತಿಗೆ ಒಬ್ಬನ ಸೊಂಟ, ಇನ್ನೊಬ್ಬನ ಮಂಡಿ, ನಮ್ಮಲ್ಲೆಲ್ಲ ಹಿರಿಯನಾದ ಮುದುಕನ ಕುತ್ತಿಗೆ ಒಂದೊಂದಾಗಿ ಬಾಯಿಬಿಟ್ಟವು. ಲಾರಿ ಅರ್ಧ ತುಂಬಿತ್ತು, ಎಲ್ಲರೂ ಮೂಟೆಗೆ ಒರಗಿ ಕೂತುಬಿಟ್ಟರು.

"ಏಳ್ರೋ ಬೋಳಿಮಕ್ಳಾ," ಎಂದ ಮೇಸ್ತ್ರಿ. "ಟೀ ಕುಡಿದು ಏಳ್ರಿ."

ಎಲ್ಲರೂ ಅವನ ಮುಖವನ್ನೇ ನೋಡಿದರು. ಅವನು ಧಣಿಯನ್ನು ಕರೆತರಲು ಓಡಿದ.

ಧಣಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ. ನಿಮ್ಮನ್ನೆಲ್ಲ ಹೆತ್ತ ಮಕ್ಕಳ ಹಾಗೆ ನೋಡಿಕೊಂಡೆನಲ್ಲ ಎಂದು ರಾಗ ತೆಗೆದ. ನಾನು ತೊಡೆಸಂದಿ ಒತ್ತಿ ಹಿಡಿದು ಎದ್ದು, ಲೋಟದ ತುಂಬ ಟೀ ಬಗ್ಗಿಸಿ ಅವನ ಮುಂದೆ ಹಿಡಿದೆ.

"ಕುಡೀರಿ ಧಣಿ. ಮುಂದಿನ ವಾರ ನನ್ನ ಕುಯ್ಯಬೇಕು. ಅಲ್ಲೀವರ್ಗೂ ನನ್ನ ಪಾಲಿಂದು ನೀವೇ ಕುಡೀರಿ."

ಅವನು ಲೋಟ ನೋಡಿದ, ಮೇಸ್ತ್ರಿಯನ್ನು ನೋಡಿದ.

"ನಂಗೆ ಶುಗರ್ ಇದೆಯಲ್ಲಪ್ಪಾ. ಸಕ್ಕರೆ ಹಾಕಿದ್ದು ಕುಡಿಯೋ ಹಂಗಿಲ್ಲ."

"ಇದ್ರಲ್ಲಿ ಸಕ್ಕರೆ ಎಲ್ಲೈತೆ ಧಣಿ?" ಎಂದ ಮುದುಕ, ಕುತ್ತಿಗೆ ಹಿಡಿದುಕೊಂಡೇ.

ಗೋಡೌನಿಗೆ ಗೋಡೌನೇ ನಕ್ಕಿತು. ನಕ್ಕರೆ ನನ್ನ ಹರ್ನಿಯಾ ಜೀವ ಹಿಂಡುತ್ತದೆ, ಆದರೂ ನಕ್ಕೆ. ಹೊರಗೆ ಲಾರಿ ಡ್ರೈವರು ಹಾರನ್ ಒತ್ತುತ್ತಲೇ ಇದ್ದ. ಧಣಿ ಕೈ ಮುಂದೆ ಮಾಡಲಿಲ್ಲ, ನಾನು ಲೋಟ ಹಿಂದಕ್ಕೆ ತೆಗೆಯಲಿಲ್ಲ. ಟೀ ಮೇಲೆ ಕೆನೆ ಕಟ್ಟುತ್ತಿತ್ತು.