ರಾಮಾಂಜಿನಪ್ಪನ ಬಸ್ಸಿನ ಗಾಳಿ

ದೊಡ್ಡನೆಕ್ಕುಂದಿಯ ರಾಮಾಂಜಿನಪ್ಪ ಕಾರ್ಖಾನೆಯೊಂದರ ಬಸ್ಸು ಓಡಿಸಿ ನಿವೃತ್ತನಾದವನು. ಅದೇ ಬಸ್ಸು ಹರಾಜಿಗೆ ಬಂದಾಗ ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿದ್ದ. ಹೆಂಡತಿ ಹಂಸಳನ್ನು ಈ ಓಡಾಡುವ ಮನೆಯಲ್ಲೇ ಕಾಶಿಗೆ ಕರೆದೊಯ್ಯುತ್ತೇನೆಂದು ಲಿಂಗರಾಜಪುರದ ಬೀಗರವರೆಗೂ ಡಂಗುರ ಸಾರಿದ್ದ. ಶುಕ್ರವಾರ ವಾಹನ ಪೂಜೆ ಆಯಿತು, ಸೋಮವಾರ ಹೊರಡಬೇಕು. ಶನಿವಾರ ಬೆಳಿಗ್ಗೆ ನೋಡಿದರೆ ಬ್ರೇಕಿನ ಗಾಳಿಯೆಲ್ಲ ಸೋರಿಹೋಗಿ ಮೀಟರಿನ ಮುಳ್ಳು ಸೊನ್ನೆಯಲ್ಲಿತ್ತು. ಗಾಳಿಯಿಲ್ಲದೆ ಆ ಬಸ್ಸಿಗೆ ಬ್ರೇಕಿಲ್ಲ. ಕಾಶಿಯಿರಲಿ, ಕೆ.ಆರ್. ಪುರವೂ ದೂರವೇ.

ಮೆಕ್ಯಾನಿಕ್ಕನ್ನು ಕರೆಸಲು ಅವನಿಗೆ ಅವಮಾನ. ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುವವನೆಂದು ಅವನಿಗೆ ಹೆಸರಿತ್ತು. ಆ ಹೆಸರನ್ನು ಮುಕ್ಕಾಲು ಪಾಲು ಅವನೇ ಹಬ್ಬಿಸಿದ್ದ. ಗಾಳಿ ತುಂಬಿಸಿ, ಇಂಜಿನ್ ಆರಿಸಿ, ಬಸ್ಸಿನಡಿ ಮಲಗಿ ಕಿವಿಗೊಟ್ಟ. ಏನೂ ಕೇಳಲಿಲ್ಲ. ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು, ಅದು ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ಕಿವಿ ನಂಬುವುದು ಹಳೇ ಪದ್ಧತಿ, ಈಗ ಸೋಪಿನ ನೀರು ಬಳಿದು ಗುಳ್ಳೆ ನೋಡುತ್ತಾರೆ ಎಂದು ಹಂಸಳಿಗೆ ಪಾಠ ಹೇಳಿ, ಹಿಂದಿನ ಚಕ್ರದವರೆಗೂ ತೆವಳಿ ಜಾಯಿಂಟು ಜಾಯಿಂಟಿಗೂ ನೊರೆ ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಶಿವಾಜಿನಗರದ ಗುಜರಿಯಿಂದ ತಂದು ಹಾಕಿದ್ದ ವಾಲ್ವನ್ನು ಬೈದ, ಕೊಟ್ಟವನ ವಂಶವನ್ನೂ ಬಿಡಲಿಲ್ಲ. ಅಷ್ಟರಲ್ಲಿ ಬಸ್ಸಿಗಿಂತ ಅವನಿಗೇ ಚೆನ್ನಾಗಿ ಸ್ನಾನವಾಗಿತ್ತು.

ಹಂಸ ಕಾಫಿ ಹಿಡಿದು ಬಸ್ಸು ಹತ್ತಿದವಳು, ಸೀದಾ ಡ್ರೈವರ್ ಸೀಟಿನ ಮುಂದಿನ ದೇವರ ಗೂಡಿನ ಕೆಳಗೆ ಬೆರಳಿಟ್ಟಳು. ಪೂಜೆಯ ದಿನ, ರಾಹುಕಾಲ ಶುರುವಾಗುತ್ತದೆಂಬ ಅವಸರದಲ್ಲಿ, ಗಣಪತಿ ಅಲುಗಾಡಬಾರದೆಂದು ರಾಮಾಂಜಿನಪ್ಪನೇ ಉದ್ದನೆಯ ಸ್ಕ್ರೂ ತಿರುವಿ ಆ ಗೂಡು ಕೂರಿಸಿದ್ದ. ಸ್ಕ್ರೂ ಹಲಗೆ ದಾಟಿ ಗಾಳಿಯ ಪೈಪಿಗೇ ಇಳಿದಿತ್ತು. ನೊರೆ ತಾಗಿಸಿದೊಡನೆ ಗುಳ್ಳೆಗಳೆದ್ದವು. ಮೂಗಿನ ಕೆಳಗಿನ ತೂತಿಗಾಗಿ ಊರೆಲ್ಲ ತೆವಳಿದೆನಲ್ಲ ಎಂದು ಅವನಿಗೇ ನಗು ಬಂತು.

ಹಂಸ ನಗಲಿಲ್ಲ. "ನಿನ್ನೆಯಿಂದ್ಲೂ ಸುಸ್ ಅಂತಿದೆ ರೀ. ಕಿವಿ ಕೇಳ್ಸಲ್ಲ ಅಂತ ನಿಮ್ಮ ಬಾಯಲ್ಲೇ ಬರ್ಲಿ ಅಂತ ಕಾದೆ. ದಾರೀಲಿ ಲಾರಿಯವನು ಹಾರನ್ ಹೊಡೆದ್ರೆ ಏನ್ಮಾಡ್ತೀರ?"

ರಾಮಾಂಜಿನಪ್ಪ ಪೈಪು ಬದಲಿಸಿದ. ಗಾಳಿ ತುಂಬಿಸಿದ ಮೇಲೆ ಮುಳ್ಳು ನಿಂತಲ್ಲೇ ನಿಂತಿತು. ಅವನಿಗೆ ಮಾತ್ರ ಸಂತೋಷವಾಗಲಿಲ್ಲ. ಸ್ಟೇರಿಂಗನ್ನು ಒಮ್ಮೆ ಸವರಿ, ಬೈಯಪ್ಪನಹಳ್ಳಿಯ ಡ್ರೈವರ್ ಭೀಮುವನ್ನು ಕರೆಯುತ್ತೇನೆಂದ. ಆಮೇಲೆ ದಿಕ್ಕು ತೋಚದವನಂತೆ ಕೇಳಿದ:

"ನಾನೆಲ್ಲಿ ಕೂತ್ಕೊಳ್ಳಲಿ?"

ಹಂಸ ಮಂಚದ ಮೇಲೆ ಸರಿದು, ಕಿಟಕಿಯ ಪಕ್ಕ ಜಾಗ ಬಿಟ್ಟಳು.

"ಇಲ್ಲಿ ಬನ್ನಿ. ಯಾವ ಯಾತ್ರೆಗೆ ಹೋದ್ರೂ ನಿಮ್ಮ ಬೆನ್ನೇ ನೋಡ್ಕೊಂಡು ಬಂದಿದ್ದೀನಿ."