ಅಕ್ಕನ ಪಾಲಿನ ಸಂಕಲ್ಪ

ಆ ಮನೆಯಲ್ಲಿ ಹೊಸ ವರ್ಷಕ್ಕೆ ಯಾರೂ ತಮ್ಮ ಸಂಕಲ್ಪವನ್ನು ತಾವೇ ಮಾಡಿಕೊಳ್ಳುತ್ತಿರಲಿಲ್ಲ. ಒಬ್ಬರದನ್ನು ಇನ್ನೊಬ್ಬರು ಹೇಳಬೇಕು, ಹೇಳಿಸಿಕೊಂಡವರು ತುಟಿಪಿಟಕ್ಕೆನ್ನದೆ ವರ್ಷವಿಡೀ ಪಾಲಿಸಬೇಕು. ಇದು ಅಪ್ಪ ಹಾಕಿಕೊಟ್ಟ ಪದ್ಧತಿ. ತಾನೇ ಮಾಡಿಕೊಂಡ ಸಂಕಲ್ಪವನ್ನು ಮನುಷ್ಯ ವಾರದೊಳಗೆ ಗಾಳಿಗೆ ತೂರುತ್ತಾನೆ, ಬೇರೆಯವರ ಬಾಯಿಂದ ಬಂದದ್ದಾದರೆ ನಾಚಿಕೆಗಾದರೂ ನಡೆಸುತ್ತಾನೆ ಎಂಬುದು ಅವರ ಲೆಕ್ಕಾಚಾರ. ಪಾಪ, ಆ ಲೆಕ್ಕಾಚಾರ ಒಬ್ಬಳ ವಿಷಯದಲ್ಲಿ ಮಾತ್ರ ಸರಿಹೋಯಿತು.

ಆ ಒಬ್ಬಳೇ ಅಕ್ಕ. ಸಿಗರೇಟು ಬಿಡು ಎಂದು ತಮ್ಮನಿಗೆ ಹೇಳಿದ ವರ್ಷ ಅವನು ಸೇದುವ ಜಾಗ ಬದಲಿಸಿದ, ಅಷ್ಟೆ. ನಲವತ್ತು ದಾಟಿದರೂ ಪುಟ್ಟಿಯೆಂದೇ ಕರೆಸಿಕೊಳ್ಳುವ ತಂಗಿ, ಬೆಳಿಗ್ಗೆ ಬೇಗ ಏಳುವ ಸಂಕಲ್ಪವನ್ನು ತಡವಾಗಿ ಎದ್ದಮೇಲೆ ನೆನಪಿಸಿಕೊಳ್ಳುತ್ತಿದ್ದಳು. ಅಕ್ಕ ಹಾಗಲ್ಲ. ಸಕ್ಕರೆ ಬಿಡು ಎಂದರೆ ಬಿಟ್ಟಳು. ಸೈಕಲ್ ಕಲಿ ಎಂದರೆ ಮೊಣಕೈ ತರಚಿಕೊಂಡು ಕಲಿತಳು. ಅಪ್ಪ ತೀರಿಕೊಳ್ಳುವ ಹಿಂದಿನ ಡಿಸೆಂಬರಿನಲ್ಲಿ, ಇವರಿಬ್ಬರೂ ಒಂದು ದಡ ಸೇರುವ ತನಕ ನೀನು ನೋಡಿಕೋ ಎಂದಿದ್ದರು. ಅದು ಒಂದು ವರ್ಷಕ್ಕೆ ಮುಗಿಯುವ ಸಂಕಲ್ಪವಲ್ಲ ಎಂದು ಗೊತ್ತಿದ್ದೂ ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಕೂತುಬಿಟ್ಟಳು. ತಮ್ಮ ಬಸ್ ಡಿಪೋದಲ್ಲಿ ಕೆಲಸ ಹಿಡಿದು ಬೇರೆ ಮನೆ ಮಾಡಿದ, ಪುಟ್ಟಿ ಮದುವೆಯಾಗಿ ಹೋದಳು, ಅಕ್ಕನ ತಲೆ ನರೆಯಿತು. ನೋಡಿಕೊಂಡದ್ದು ಸಾಕು ಎನ್ನಬೇಕಾದ ಅಪ್ಪ ಇರಲಿಲ್ಲ, ಉಳಿದವರಿಗೆ ಅದು ಹೊಳೆಯಲಿಲ್ಲ.

ಈ ವರ್ಷದ ವಿಷಯವೇ ಬೇರೆ. ಎದುರು ಸಾಲಿನ ಕನ್ನಡಕದ ಅಂಗಡಿಯವರು, ಹೆಂಡತಿ ತೀರಿಕೊಂಡು ಬಹಳ ಕಾಲವಾದ ಒಂಟಿ ಜೀವ, ಅಂಗಿಗೆ ಗುಂಡಿ ಹಾಕಿಸಲು ಬರುತ್ತಿದ್ದರು. ಒಬ್ಬ ಮನುಷ್ಯನ ಗುಂಡಿಗಳು ಅಷ್ಟೊಂದು ಕಿತ್ತುಹೋಗುವುದು ಹೇಗೆ ಎಂದು ಅಕ್ಕನಿಗೆ ಅನುಮಾನವಿದ್ದೇ ಇತ್ತು. ಕೊನೆಗೊಂದು ದಿನ ಅವರೇ ಬಾಯಿಬಿಟ್ಟರು. ಮದುವೆಯಾಗೋಣವೇ, ಹೊಸ ವರ್ಷದೊಳಗೆ ತಿಳಿಸಿ, ಬೇಡವೆಂದರೂ ಬೇಜಾರಿಲ್ಲ, ಆದರೆ ಕನ್ನಡಕಕ್ಕೆ ಬೇರೆ ಅಂಗಡಿಗೆ ಮಾತ್ರ ಹೋಗಬೇಡಿ ಎಂದರು. ಅಕ್ಕನಿಗೆ ನಗು ಬಂತು. ಅವಳಿಗೆ ಆಸೆಯಾಗಿತ್ತು, ಅದನ್ನು ಮುಚ್ಚಿಡುವುದೇಕೆ?

ಆದರೆ ಈ ವಯಸ್ಸಿನಲ್ಲಿ ತನ್ನ ಮದುವೆಯ ಮಾತನ್ನು ತಾನೇ ಎತ್ತಲು ಅವಳಿಗೆ ಬಾಯಿ ಬರಲಿಲ್ಲ. ಪುಟ್ಟಿಯ ಕಿವಿಗೆ ಹಾಕಿದಳು. ಪುಟ್ಟಿಗೆ ಹೇಳಿದರೆ ಊರಿಗೇ ಹೇಳಿದಂತೆ, ತಮ್ಮನಿಗಂತೂ ಸಂಜೆಯೊಳಗೆ ಮುಟ್ಟುತ್ತದೆ. ಈ ಸಲ ಅಕ್ಕನ ಸಂಕಲ್ಪ ಹೇಳುವ ಸರದಿ ಅವನದೇ. ಮದುವೆ ಮಾಡಿಕೋ ಎಂದು ಅವನು ಅಂದುಬಿಟ್ಟರೆ ಪದ್ಧತಿಯ ಪ್ರಕಾರ ತಾನು ತಲೆಯಾಡಿಸಿದರೆ ಸಾಕು ಎಂದುಕೊಂಡಳು.

ವರ್ಷದ ಕಡೆಯ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಅಕ್ಕನ ಮನೆಯಲ್ಲಿ ಕೂತರು. ತಮ್ಮ ಗಂಟಲು ಸರಿಮಾಡಿಕೊಂಡ.

"ಅಕ್ಕಾ, ನೀನು ದುಡಿದಿದ್ದು ಸಾಕು. ಈ ವರ್ಷ ಮಿಷನ್ ಮುಚ್ಚಿಟ್ಟು ನಮ್ಮನೆಗೆ ಬಂದ್ಬಿಡು. ನಿಂಗೇ ಅಂತ ಒಂದು ಕೋಣೆಗೆ ಬಣ್ಣ ಹೊಡ್ಸಿದೀನಿ."

ಹೇಳುವಾಗ ಅವನ ಕಣ್ಣು ತುಂಬಿತ್ತು. ಅವನಿಗೆ ಏನೂ ಗೊತ್ತಿಲ್ಲವೆಂದು ಅಕ್ಕನಿಗೆ ತಿಳಿದದ್ದು ಆಗಲೇ. ಪುಟ್ಟಿಯ ಕಡೆ ತಿರುಗಿ ನೋಡಿದರೆ ಅವಳು ಹೆಮ್ಮೆಯಿಂದ ಬೀಗುತ್ತಿದ್ದಾಳೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಬೇಡ ಎಂದು ಹೋದ ವರ್ಷ ಅವಳಿಗೆ ಸಂಕಲ್ಪ ಹೇಳಿದ್ದವಳು ಅಕ್ಕನೇ. ಹುಟ್ಟಿದಾಗಿನಿಂದ ಪುಟ್ಟಿ ಪಾಲಿಸಿದ ಸಂಕಲ್ಪ ಅದೊಂದೇ, ಅದಕ್ಕೂ ಅವಳಿಗೆ ಇದೇ ವರ್ಷ ಸಿಗಬೇಕಾಗಿತ್ತು.

ಅಕ್ಕನಿಗೆ ತಮ್ಮನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅಷ್ಟು ಪ್ರೀತಿಯಿಂದ ಕರೆಯುವವನಿಗೆ ಒಲ್ಲೆ ಎನ್ನುವುದು ಹೇಗೆ? ತಲೆ ಆಗಲೇ ಅಭ್ಯಾಸಬಲದಿಂದ ಆಡಲು ಹೊರಟಿತ್ತು. ಒಮ್ಮೆ ಹೂಂ ಎಂದರೆ ತಾನು ಅದನ್ನು ನಡೆಸಿಯೇ ತೀರುತ್ತೇನೆ ಎಂಬುದು ನೆನಪಾಗಿ ಅವಳಿಗೆ ನಿಜಕ್ಕೂ ಭಯವಾಯಿತು.

"ಇಲ್ಲ ಕಣೋ," ಎಂದಳು. "ಈ ವರ್ಷದ್ದು ನಾನೇ ಹೇಳ್ಕೋತೀನಿ. ಎದುರಿನ ಕನ್ನಡಕದಂಗಡಿಯವ್ರನ್ನ ಮದುವೆ ಆಗ್ತಿದೀನಿ."

ತಮ್ಮ ಬೆಪ್ಪಾಗಿ ಕೂತ. ತಮ್ಮದನ್ನು ತಾವೇ ಹೇಳಿಕೊಳ್ಳುವ ಹಾಗಿಲ್ಲವಲ್ಲ, ಅಪ್ಪನ ಪದ್ಧತಿ ಏನಾಯಿತು ಎಂದು ಗೊಣಗಿದ. ಆ ಪದ್ಧತಿಯನ್ನು ಇಷ್ಟು ವರ್ಷ ನಡೆಸಿಕೊಂಡು ಬಂದವಳು ತಾನೊಬ್ಬಳೇ, ಮುರಿಯುವ ಹಕ್ಕೂ ತನ್ನದೇ ಎಂದಳು ಅಕ್ಕ. ಪುಟ್ಟಿ ಮಾತ್ರ, ತನಗೆ ಮೊದಲೇ ಗೊತ್ತಿತ್ತು ಎಂದು ಈಗಲಾದರೂ ಹೇಳಬಹುದೇ ಎಂದು ಕೇಳಿದಳು.

ಅಕ್ಕ ಚಪ್ಪಲಿ ಮೆಟ್ಟಿ ರಸ್ತೆ ದಾಟಿದಳು. ಭಾನುವಾರವಾದರೂ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಗಾಜು ಒರೆಸುತ್ತ ಕೂತಿದ್ದ ಕನ್ನಡಕದವರು ಅವಳ ಮುಖ ನೋಡಿ ಎದ್ದು ನಿಂತರು. ಮದುವೆಯಾಗೋಣ ಎಂದಳು ಅಕ್ಕ, ಪೀಠಿಕೆಯಿಲ್ಲದೆ. ಅವರಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

"ಮನೆಯವ್ರನ್ನ ಕೇಳಿದ್ರಾ?"

"ಕೇಳ್ಲಿಲ್ಲ," ಎಂದಳು ಅಕ್ಕ. "ಹೇಳಿ ಬಂದೆ."