ಒಂಬತ್ತು ಗುಡ್ಡೆ ಉಳ್ಳಾಗಡ್ಡಿ

“ಒಂಬತ್ತರಲ್ಲಿ ಏಳನೇ ರ‍್ಯಾಂಕು! ಏನ್ ಗೀತಾ, ನಿನ್ನ ಮಗಳ ತಲೇಲಿ ಮಿದುಳಿದೆಯೋ, ಈರುಳ್ಳಿ ಸಿಪ್ಪೆ ತುಂಬಿದೆಯೋ?”

ವಸುಂಧರಾ ಮೇಡಂ ಇದನ್ನು ಕೇಳಿದಾಗ ನನ್ನ ತಲೆ ಅವರ ಓವನ್ನಿನ ಒಳಗಿತ್ತು. ಉತ್ತರ ಕೊಡಲು ತಲೆ ಹೊರಗೆ ತೆಗೆಯಬೇಕು. ತೆಗೆದರೆ ಮಸಿ ನೆಲಕ್ಕೆ ಬೀಳುತ್ತದೆ. ಬಿದ್ದರೆ ಅದನ್ನೂ ನಾನೇ ಒರೆಸಬೇಕು. ಹಾಗಾಗಿ ಒಳಗಿಂದಲೇ ಅಂದೆ, “ಹೌದ್ರಿ ಮೇಡಂ.”

“ಏನ್ ಹೌದು? ಸಿಪ್ಪೆನಾ?”

“ನೀವು ಹೆಂಗ ಅಂತೀರೋ ಹಂಗರಿ.”

ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಅಲ್ಲಿ ಚಾಪೆಯ ಮೇಲೆ ಕೂತ ನಾಲ್ಕು ಮಕ್ಕಳಲ್ಲಿ ನನ್ನ ಚೈತನ್ಯಾ ಒಬ್ಬಳು. ಅವಳಿಗೆ ಕನ್ನಡ ಆಡಲು ಬರುವುದು ಕಡಿಮೆ, ಕೇಳಿಸಿಕೊಳ್ಳಲು ಚೆನ್ನಾಗಿಯೇ ಬರುತ್ತದೆ.

ಕಡಲಾಚೆಯ ಈ ಪುಕೆಕೊಹೆ ಊರಿನಲ್ಲಿ ಉಳ್ಳಾಗಡ್ಡಿ ಆರಿಸಿ ಚೀಲ ತುಂಬುವ ಪ್ಯಾಕ್‌ಹೌಸಿಗೆ ಆಳು ಒದಗಿಸುವವರು ಮೇಡಂ ಗಂಡ ಉದಯಶಂಕರ್ ಸರ್. ಬೆಲ್ಟಿನ ಮುಂದೆ ನಿಂತು ಕೊಳೆತದ್ದು, ಮೊಳೆತದ್ದು ಆರಿಸುವವರು ನಾವು. ನನ್ನ ಗಂಡ ವಿನಯನೂ ಅದೇ ಸರ್ ಕೈಕೆಳಗೆ ಟ್ರ್ಯಾಕ್ಟರ್ ಓಡಿಸುತ್ತಾನೆ. ನಮ್ಮಿಬ್ಬರ ವೀಸಾದ ಮೇಲೂ ಸರ್ ಕಂಪನಿಯ ಹೆಸರಿದೆ. ದೇವರ ಹೆಸರು ಮರೆತರೂ ನಡೆಯುತ್ತದೆ, ಆ ಹೆಸರು ಮರೆಯುವಂತಿಲ್ಲ.

ಶಾಲೆಯ ಆ್ಯಪಿನಲ್ಲಿ ಬರುವುದು ನಮಗೆ ಓದಲು ಬಾರದು ಎಂದು ಎಲ್ಲರ ಪಾಸ್‌ವರ್ಡೂ ಮೇಡಂ ಹತ್ತಿರವೇ ಇದ್ದವು. ನಮಗೆ ಪಾಳಿಯ ನಡುವೆ ಬಿಡುವಿಲ್ಲ ಎಂದು ಟೀಚರನ್ನು ಕಾಣಲು ನಮ್ಮೆಲ್ಲರ ಪರವಾಗಿ ಅವರೇ ಹೋಗುತ್ತಿದ್ದರು. ಮಾರ್ಚಿನಲ್ಲಿ ಓದು, ಗಣಿತದ ಪರೀಕ್ಷೆ ಮುಗಿದ ಮೇಲೆ ಒಬ್ಬೊಬ್ಬರ ಹಾಳೆ ಪ್ರಿಂಟ್ ಮಾಡಿ, ಅದರ ಮೇಲೆ ಕೆಂಪು ಪೆನ್ನಿನಿಂದ ‘ರ‍್ಯಾಂಕ್’ ಎಂದು ಬರೆದು ಕೊಟ್ಟಿದ್ದರು. ಒಂದರಿಂದ ಒಂಬತ್ತರವರೆಗೆ. ಒಂದು ಮೇಲು, ಒಂಬತ್ತು ಕೊನೆ. ಅದರಲ್ಲಿ ಅನುಮಾನ ಪಡುವುದೇನಿದೆ? ನಮ್ಮ ಕಡೆ ಮೊದಲನೇ ರ‍್ಯಾಂಕ್ ಬಂದವರ ಫೋಟೋ ಪೇಪರಿನಲ್ಲಿ ಬರುತ್ತದೆ, ಏಳನೆಯವರದನ್ನು ಯಾರು ಹಾಕುತ್ತಾರೆ? ಗೂಗಲ್ ಕೇಳಬಹುದಿತ್ತಲ್ಲ ಎನ್ನಬೇಡಿ. ಹಾಳೆ ಕೈಗೆ ಬರುವ ಮೊದಲೇ ಅದರ ಅರ್ಥ ನಮ್ಮ ಕಿವಿಗೆ ಬಂದುಬಿಟ್ಟಿತ್ತು.

ಚೈತನ್ಯಾ ಓದಿನಲ್ಲಿ ಏಳು, ಗಣಿತದಲ್ಲಿ ಐದು. ದಡ್ಡ ಮಕ್ಕಳಿಗೆ ಮೇಡಂ ಭಾನುವಾರ ಟ್ಯೂಷನ್ ಹೇಳುತ್ತಾರೆ. ಅವರೇನೂ ಕೈ ಚಾಚುವವರಲ್ಲ. ಮಗು ಗ್ಯಾರೇಜಿನಲ್ಲಿ ಕಲಿಯುವಷ್ಟು ಹೊತ್ತು ತಾಯಿ ಮನೆಯೊಳಗೆ ಕೆಲಸ ಮಾಡಿದರಾಯಿತು. ಓವನ್, ಬಚ್ಚಲು, ಕಿಟಕಿ, ಅವರ ಮನೆಯ ಪೂಜೆ ಇದ್ದರೆ ನೂರು ಹೋಳಿಗೆ. ನಡುವೆ ಟೀ ಕೊಡುತ್ತಿದ್ದರು, ಗ್ಯಾರೇಜಿನಲ್ಲಿ, ಕಾಗದದ ಲೋಟದಲ್ಲಿ. ಒಳಗಿನ ಸ್ಟೀಲ್ ಲೋಟಗಳನ್ನು ನಾವು ತೊಳೆದಿದ್ದೇವೆ, ಅವುಗಳಲ್ಲಿ ಕುಡಿದಿಲ್ಲ.

ನನ್ನ ಪಕ್ಕದಲ್ಲಿ ಬೆಲ್ಟಿಗೆ ನಿಲ್ಲುವವಳು ಚನ್ನರಾಯಪಟ್ಟಣದ ಕಡೆಯ ಯಾಮಿನಿ. ಅವಳ ಮಗ ಮಯೂರನಿಗೆ ಗಣಿತದಲ್ಲಿ ಮೂರು. ಮೂರನೇ ರ‍್ಯಾಂಕ್! ಅವಳು ಕೊಬ್ಬರಿ ಮಿಠಾಯಿ ಮಾಡಿ ಸ್ಮೋಕೋದಲ್ಲಿ, ಅಂದರೆ ಹತ್ತು ಗಂಟೆಯ ಟೀ ಬಿಡುವಿನಲ್ಲಿ, ಎಲ್ಲರಿಗೂ ಹಂಚಿದಳು. ಮಯೂರನಿಗೆ ಟ್ಯೂಷನ್ ಬೇಡವೆಂದಾಯಿತು. ನಾನೂ ಮಿಠಾಯಿ ತಿಂದೆ.

ಮೇಡಂ ಮಗಳು ಅನನ್ಯಾಳಿಗೆ ಎರಡು. ಆ ಹಾಳೆ ಈ ದೇಶದ ಕೀವಿ ಹಕ್ಕಿಯ ಮ್ಯಾಗ್ನೆಟ್ಟಿನ ಕೆಳಗೆ ಅವರ ಫ್ರಿಜ್ಜಿನ ಮೇಲಿತ್ತು. ವಾರವಾರವೂ ಅದರ ಸುತ್ತ ನಾನೇ ಒರೆಸುತ್ತಿದ್ದೆ. ಏಪ್ರಿಲಿನ ಒಂದು ಭಾನುವಾರ ನೋಡಿದರೆ ಮ್ಯಾಗ್ನೆಟ್ ಇತ್ತು, ಹಾಳೆ ಇರಲಿಲ್ಲ. ಒರೆಸುವುದು ಸುಲಭವಾಯಿತು ಅಂದುಕೊಂಡೆ, ಅಷ್ಟೇ.

ಮೊದಲೆಲ್ಲ ನಾನು ರೊಟ್ಟಿ ಬಡಿಯುವಾಗ ಚೈತನ್ಯಾ ಅಡುಗೆಮನೆಯ ನೆಲದ ಮೇಲೆ ಕೂತು ಲೈಬ್ರರಿ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದಳು. ನನಗೆ ತಿಳಿಯುತ್ತಿದ್ದುದು ಕಾಲು ಭಾಗ. ಆದರೂ “ಆ ನಾಯಿ ಆಮ್ಯಾಲ ಏನ್ ಮಾಡ್ತು?” ಎಂದು ಕೇಳುತ್ತಿದ್ದೆ, ಅವಳು ನಾಯಿಯ ಹಾಗೆ ಮಾಡಿ ತೋರಿಸುತ್ತಿದ್ದಳು. ಮಾರ್ಚಿನ ನಂತರ ನಾಯಿ ಬರಲಿಲ್ಲ. ಪುಸ್ತಕ ವಾಷಿಂಗ್ ಮಷೀನಿನ ಹಿಂದೆ ಸಿಕ್ಕಿತು.

“ಯಾಕ ಒಗದಿ ಇದನ್ನ?”

“ಐ ಆ್ಯಮ್ ಡಂಬ್, ಅಮ್ಮಾ. ಆಂಟಿ ಸೆಡ್ ಸೋ.”

ಹಾಗಲ್ಲ ಎನ್ನಬೇಕಿತ್ತು. ನಾನು ಪುಸ್ತಕದ ಧೂಳು ಒರೆಸಿದೆ. ಯಾಕೆಂದರೆ ನಾನೂ ನಂಬಿದ್ದೆ.

ಜೂನಿನಲ್ಲಿ ಶಾಲೆಯಿಂದ ಮತ್ತೆ ಕರೆ ಬಂತು. ಬುಧವಾರ, ಎರಡು ಮುಕ್ಕಾಲಿಗೆ. ಈ ಸಲ ಆ್ಯಪಿನಲ್ಲಲ್ಲ, ಚೈತನ್ಯಾಳ ಚೀಲದಲ್ಲಿ, ಟೀಚರ್ ಕೈಬರಹದ ಚೀಟಿ. ‘ಅಮ್ಮನೇ ಬರಲಿ’ ಎಂದಿತ್ತು. ಮಗಳೇ ಓದಿ ಹೇಳಿದಳು. ಇನ್ನೂ ಕೆಳಗೆ ಇಳಿದಳೇನೋ ಎಂದು ಇಬ್ಬರಿಗೂ ಒಂದೇ ಭಯ.

ಬುಧವಾರ ಬೆಲ್ಟಿನ ಹತ್ತಿರ ಉದಯಶಂಕರ್ ಸರನ್ನು ಕೇಳಿದೆ.

“ನೀನು ಹೋಗಿ ಏನು ಕಿಸೀತೀಯಾ ಅಲ್ಲಿ? ನಿಂಗೆ ಬರೋ ಇಂಗ್ಲಿಷ್ ‘ಸಾರಿ’ ಒಂದೇ.” ಫೋರ್ಕ್‌ಲಿಫ್ಟಿನ ಹುಡುಗರಿಗೂ ಅರ್ಥವಾಗಲೆಂದು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು. ಅವರು ನಕ್ಕರು. “ವಸೂ ಹೋಗ್ತಾಳೆ. ನೀನು ಹೋದ್ರೆ ಬೆಲ್ಟ್ ನೋಡೋಕೆ ನಿಮ್ಮಪ್ಪ ಬರ್ತಾನಾ ರೋಣದಿಂದ?”

“ನಮ್ಮಪ್ಪ ಉಳ್ಳಾಗಡ್ಡಿ ಭಾಳ ಚಂದ ಆರಸ್ತಾನ್ರಿ. ವೀಸಾ ಕೊಟ್ಟ ಕರಸ್ರಿ.”

ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಸರ್ ಹತ್ತಿರ ಬಂದರು. “ವೀಸಾ ಮಾತು ಎತ್ತಬೇಡ ಗೀತಾ. ನಾನು ಎತ್ತಿದ್ರೆ ಚೆನ್ನಾಗಿರಲ್ಲ.”

ಅವರು ಆಫೀಸಿನೊಳಗೆ ಹೋದರು. ಯಾಮಿನಿ ಬೆಲ್ಟಿನಿಂದ ಕಣ್ಣು ತೆಗೆಯದೆಯೇ ಅಂದಳು, “ಹೋಗೇ. ನಿನ್ ಜಾಗ ನಾನ್ ನೋಡ್ಕತೀನಿ. ಆ ಬೇವರ್ಸಿ ಕೇಳುದ್ರೆ ಕಕ್ಕಸ್ಗೆ ಹೋಗವ್ಳೆ ಅಂತೀನಿ.”

“ಒಂದೂವರಿ ತಾಸ?”

“ಭೇದಿ ಅಂತೀನಿ. ಬಂದು ನೋಡ್ತಾನಾ ಮುಂಡೇದು?”

ಕೈಗವಸು ಬಿಚ್ಚಿ ಅವಳ ಏಪ್ರನ್ನಿಗೆ ತುರುಕಿ ಹೊಲದ ಬದುವಿನ ಮೇಲೆ ನಡೆದೆ. ಗಂಬೂಟಿಗೆ ಕೆಸರು ಹತ್ತಿ ಒಂದೊಂದು ಕಾಲೂ ಒಂದೊಂದು ಕೊಡದಷ್ಟು ಭಾರವಾಯಿತು. ತರಗತಿಯ ಬಾಗಿಲಲ್ಲಿ ಅವನ್ನು ಬಿಟ್ಟು ಒಳಗೆ ಹೋದರೆ ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗಿತ್ತು.

ಚೈತನ್ಯಾಳ ಪಕ್ಕದಲ್ಲಿ ಕೂತಿದ್ದ ಟೀಚರ್ ಹೆರೆನಾ ಮೂಗರಳಿಸಿ ನಕ್ಕರು. ಯಾವ ಪ್ಯಾಕ್‌ಹೌಸ್ ಎಂದು ನಿಧಾನವಾಗಿ ಕೇಳಿದರು, ನನಗೆ ತಿಳಿಯದ್ದನ್ನು ಮಗಳು ಅರೆಬರೆ ಕನ್ನಡದಲ್ಲಿ ಹೇಳಿದಳು. ಅವರ ಅಮ್ಮನೂ ಇಪ್ಪತ್ತು ವರ್ಷ ಇದೇ ವಾಸನೆ ಹೊತ್ತು ಮನೆಗೆ ಬರುತ್ತಿದ್ದರಂತೆ. ನಾನು ಹೆಬ್ಬೆರಳು ಮಡಿಚುವುದನ್ನು ಬಿಟ್ಟೆ.

ಹಾಳೆ ಮುಂದಿಟ್ಟರು. ಓದು ಏಳು. ನಾನು ನನಗೆ ಬರುವ ಇಂಗ್ಲಿಷನ್ನೇ ಆಡಿದೆ. “ಸಾರಿ.”

“ಸಾರಿ ಯಾಕೆ?” ಎಂದರು ಟೀಚರ್. ಆಮೇಲೆ ಪೆನ್ಸಿಲ್ ತೆಗೆದು ಒಂಬತ್ತು ಕಂಬ ಬರೆದರು. ಎಡತುದಿಯಲ್ಲಿ ಗಿಡ್ಡ, ನಡುವೆ ಎತ್ತರ, ಬಲತುದಿಯಲ್ಲಿ ಮತ್ತೆ ಗಿಡ್ಡ. ದೇಶದಲ್ಲಿ ಇದೇ ತರಗತಿಯ ಮಕ್ಕಳೆಲ್ಲ ಈ ಒಂಬತ್ತರಲ್ಲಿ ಒಂದೊಂದು ಕಡೆ ನಿಲ್ಲುತ್ತಾರೆ, ಹೆಚ್ಚಿನವರು ನಡುವೆ. ಚೈತನ್ಯಾ ಕಣ್ಣು ದೊಡ್ಡದು ಮಾಡಿ ನನ್ನತ್ತ ತಿರುಗಿದಳು. “ಅಮ್ಮಾ, ನೈನ್ ಈಸ್ ದ ಟಾಪ್. ನಾಟ್ ಒನ್. ನೈನ್!”

ಆ ಚಿತ್ರ ನಾನು ನೋಡಿದ್ದೆ. ದಿನಾ ನೋಡುತ್ತೇನೆ. ನಮ್ಮ ಗ್ರೇಡರ್ ಮಷೀನ್ ಉಳ್ಳಾಗಡ್ಡಿಯನ್ನು ಗಾತ್ರ ನೋಡಿ ಬೇರೆ ಬೇರೆ ತೊಟ್ಟಿಗೆ ಬೀಳಿಸುತ್ತದೆ. ಗೋಲಿಯಂಥವು ನಾಲ್ಕು, ಮಗುವಿನ ತಲೆಯಂಥವು ನಾಲ್ಕು, ಉಳಿದ ರಾಶಿಯೆಲ್ಲ ನಡುವಿನ ತೊಟ್ಟಿಗಳಲ್ಲಿ. ಏಳನೆಯ ತೊಟ್ಟಿಯದು ಹಡಗು ಹತ್ತುವ ಮಾಲು.

“ಬಿಗ್ ಆನಿಯನ್,” ಅಂದೆ ಮಗಳನ್ನು ತೋರಿಸಿ.

ಟೀಚರ್ ಮೇಜು ಬಡಿದು ನಕ್ಕರು. ಗಣಿತದ ಐದು ನಟ್ಟನಡುವೆ, ಭಿನ್ನರಾಶಿ ಸ್ವಲ್ಪ ಅಭ್ಯಾಸ ಬೇಕು, ರೊಟ್ಟಿ ಮುರಿದು ಕೇಳಿ ಎಂದರು. ಒಂದು ದಿನದ ಪರೀಕ್ಷೆ ಆ ದಿನದ ಅಳತೆ, ಇಡೀ ಮಗುವಿನ ಅಳತೆಯಲ್ಲ ಎಂದೂ ಹೇಳಿದರು. ಕರೆಸಿದ್ದು ಬೇರೆ ಮಾತಿಗೆ. ಇಷ್ಟು ಚೆನ್ನಾಗಿ ಓದುವ ಹುಡುಗಿ ಪುಸ್ತಕ ಮುಟ್ಟುವುದನ್ನೇ ಬಿಟ್ಟಿದ್ದಾಳೆ, ಮನೆಯಲ್ಲಿ ಏನಾಯಿತು?

ನಾನು ಏಳರ ಮೇಲೆ ಬೆರಳಿಟ್ಟು, “ಮೇಡಂ ಸೇ, ಒನ್ ಟಾಪ್,” ಅಂದೆ. ಅದಕ್ಕೆ ಅವರು ಅಂದರು: ಏಪ್ರಿಲಿನಲ್ಲಿ ನಿಮ್ಮ ಪರವಾಗಿ ಬಂದ ಗೆಳತಿಗೆ ಇದೇ ಚಿತ್ರ ಬರೆದು ವಿವರಿಸಿದ್ದೆ. ಎಲ್ಲವನ್ನೂ ಬರೆದುಕೊಂಡರು. ಹಂಚಲು ಪ್ರತಿಗಳನ್ನೂ ಕೊಟ್ಟಿದ್ದೆ.

ಏಪ್ರಿಲ್. ಅನನ್ಯಾಳ ಹಾಳೆ ಮಾಯವಾಗಿ ಫ್ರಿಜ್ಜಿನ ಮೇಲೆ ಬರೀ ಕೀವಿ ಹಕ್ಕಿ ಉಳಿದದ್ದೂ ಆಗಲೇ.

ಬದುವಿನ ಮೇಲೆ ವಾಪಸ್ ಬರುವಾಗ ಚೈತನ್ಯಾ ನನ್ನ ಮುಂದೆ ಮುಂದೆ ಕುಣಿದಳು. “ಸೋ ಐ ಆ್ಯಮ್ ನಾಟ್ ಡಂಬ್?”

“ನೀ ಅಲ್ಲವ್ವಾ. ನಾ.”

ಅವಳಿಗೆ ನಗು ಬಂತು. ನನಗೆ ಮಯೂರ ನೆನಪಾದ. ಮೂರು. ಕೈ ಹಿಡಿದು ಕಲಿಸಬೇಕಾದ ಮಗುವಿನ ಹೆಸರಿನಲ್ಲಿ ಮೂರು ತಿಂಗಳ ಹಿಂದೆಯೇ ಮಿಠಾಯಿ ಹಂಚಿ ಮುಗಿದಿತ್ತು.

ಯಾಮಿನಿಗೆ ಹೇಳಿದಾಗ ಅವಳು ಆರಿಸುವುದನ್ನೇ ಬಿಟ್ಟಳು. ಬೆಲ್ಟಿನ ಮೇಲೆ ಕೊಳೆತದ್ದೂ ಒಳ್ಳೆಯದೂ ಒಟ್ಟಿಗೇ ಹಾದುಹೋದವು. ಕೊನೆಗೆ ಕೇಳಿದಳು, “ಗೊತ್ತಿದ್ದೂ ಬಾಯ್ಬುಡ್ಲಿಲ್ವಾ ಆ ಹಲ್ಕಟ್ಟು?” ಮತ್ತೆ, “ಭಾನುವಾರ ನಾನೂ ಬತ್ತೀನಿ.”

ಭಾನುವಾರ ಬೆಳಿಗ್ಗೆ ಮೇಡಂ ಬಾಗಿಲು ತೆರೆದಾಗ ನಾವು ಐವರು ತಾಯಂದಿರಿದ್ದೆವು, ಜೊತೆಗೆ ಮಕ್ಕಳು, ಒಂದು ಚೀಲ ಉಳ್ಳಾಗಡ್ಡಿ. ಬಕೆಟ್ಟು, ಮಾಪು ಬಾಗಿಲ ಹಿಂದೆ ಸಿದ್ಧವಾಗಿದ್ದವು. ನಾವು ಅವನ್ನು ದಾಟಿ ಊಟದ ಮೇಜಿಗೆ ಹೋದೆವು. ಯಾಮಿನಿ ಕುರ್ಚಿ ಎಳೆದ ಸದ್ದಿಗೆ ಮನೆಯೇ ಬೆಚ್ಚಿತು.

“ಏಯ್! ಇದೇನೇ ಇದು? ಗ್ಯಾರೇಜಿಗೆ ಹೋಗಿ!”

“ಅಲ್ಲಿ ಮೇಜಿಲ್ರಿ ಮೇಡಂ,” ಅಂದೆ. “ಇವತ್ತ ನಮ್ಮ ಟ್ಯೂಷನ್.”

ಚೀಲ ಸುರಿದೆ. ಗೋಲಿಯಷ್ಟಕ್ಕೆ ಮೊದಲ ಗುಡ್ಡೆ, ಮಗುವಿನ ತಲೆಯಷ್ಟಕ್ಕೆ ಒಂಬತ್ತನೆಯದು, ನಡುವೆ ದೊಡ್ಡ ರಾಶಿ. ಇದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ. ಹೆಂಗಸರೆಲ್ಲ ಒಂದು ಕ್ಷಣ ನೋಡಿದರು, ತಿಳಿಯಿತು. ಒಬ್ಬಳು “ಅಯ್ಯೋ ಶಿವನೇ” ಎಂದು ತನ್ನ ಮಗಳನ್ನು ಎಳೆದು ತಲೆಗೆ ಮುತ್ತಿಟ್ಟಳು, ಆರನೇ ಗುಡ್ಡೆಯ ಹುಡುಗಿ. ಚೈತನ್ಯಾ ಮೇಜಿನ ತಲೆಯ ಕಡೆಯ ಕುರ್ಚಿ ಹತ್ತಿ ನಾವು ತಂದಿದ್ದ ಮಾರ್ಚಿನ ಹಾಳೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು. ಅವಳ ದನಿ ಕೇಳದೆ ಎಷ್ಟು ದಿನವಾಗಿತ್ತು! ಮಯೂರನ ಹಾಳೆಗೆ ಬಂದಾಗ ಅವಳು ನಿಂತಳು. ಯಾಮಿನಿ ತಾನೇ ಮೂರನೇ ಗುಡ್ಡೆಯಿಂದ ಒಂದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಓದವ್ವಾ, ಪೂರ್ತಿ ಓದು. ಏನೇನ್ ಬರಲ್ಲ ಅಂತ ಬರ್ದವ್ರೋ ಹೇಳು, ಇವತ್ತಿಂದ್ಲೇ ಸುರು ಮಾಡ್ತೀನಿ.”

ಮೇಡಂ ಒಬ್ಬರೇ ನಿಂತಿದ್ದರು. ಅವರ ಕಣ್ಣು ಎರಡನೇ ಗುಡ್ಡೆಯ ಮೇಲಿತ್ತು. ನಾನು ಅತ್ತ ಬೆರಳು ಮಾಡಲಿಲ್ಲ. ಅದರಲ್ಲಿ ಒಂದು ಮಗು ಇದೆ, ಮೇಡಂ ಇಲ್ಲ.

ಅವರು ಫೋನಿನಲ್ಲಿ ಗಂಡನಿಗೆ ಏನೋ ಹೇಳಿದ್ದು ಕೇಳಿಸಿತು. ತುಸು ಹೊತ್ತಿಗೆ ಮೇಜಿನ ಮೇಲಿದ್ದ ನನ್ನ ಫೋನ್ ಗುಂಯ್‌ಗುಟ್ಟಿತು. ಉದಯಶಂಕರ್ ಸರ್. ‘ನಾಳೆ ನೀನೂ ವಿನಯೂ ಆಫೀಸಿಗೆ ಬನ್ನಿ. ಪಾಸ್‌ಪೋರ್ಟ್ ತನ್ನಿ.’ ಮತ್ತೆ ಗುಂಯ್‌ಗುಟ್ಟಿತು. ನಾನು ದಪ್ಪದೊಂದು ಉಳ್ಳಾಗಡ್ಡಿ ಎತ್ತಿ ಫೋನಿನ ಮೇಲಿಟ್ಟೆ.

“ಮುಂದಿನ ಹಾಳಿ ಯಾರದವಾ?”

ನಮ್ಮೆಲ್ಲರದೂ ಮುಗಿದಿತ್ತು. ಆಗ ಮೆಟ್ಟಿಲ ಕಡೆಯಿಂದ ಅನನ್ಯಾ ಬಂದಳು.

“ಅನನ್ಯಾ, ಮೇಲೆ ಹೋಗು,” ಎಂದರು ವಸುಂಧರಾ.

ಅವಳು ಹೋಗಲಿಲ್ಲ. ಫ್ರಿಜ್ಜಿನಿಂದ ಮಾಯವಾಗಿದ್ದ, ನಾಲ್ಕಾಗಿ ಮಡಿಚಿದ್ದ ತನ್ನ ಹಾಳೆಯನ್ನು ಬಿಡಿಸಿ, ಚೈತನ್ಯಾಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು.